ನನ್ನ 1962ರ ಶೆವಿ ಟೂ ಕಾರಿನ ತೂಕ ಇಳಿಸಿದ ಬಗೆ

ಓಹಾಯೋ ರಾಜ್ಯದ ನಮ್ಮ ಮನೆಯ ಗ್ಯಾರೇಜಿಗೆ 1962ರ ಶೆವ್ರೊಲೆ ಶೆವಿ ಟೂ ಕಾರು ಬಂದಾಗ ಅದರಲ್ಲಿ ಆರು ಸಿಲಿಂಡರಿನ ಎಂಜಿನ್ ಇತ್ತು, ತೂಕ 1,130 ಕಿಲೋ. ಅದನ್ನು ಅರವತ್ತರ ದಶಕದವರಂತೆಯೇ ಕಾಲು ಮೈಲಿಯ, ಅಂದರೆ 402 ಮೀಟರಿನ, ಡ್ರ್ಯಾಗ್ ಓಟಕ್ಕೆ (ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ನಡೆಯುವ ವೇಗದ ಓಟ) ಸಜ್ಜುಗೊಳಿಸುವುದು ನನ್ನ ಆಸೆಯಾಗಿತ್ತು. ನೂರು ಪೌಂಡು (ಸುಮಾರು 45 ಕಿಲೋ) ಇಳಿಸಿದರೆ ಸೆಕೆಂಡಿನ ಹತ್ತನೇ ಒಂದು ಪಾಲು ಉಳಿಯುತ್ತದೆ ಎಂಬುದು ಈ ಕ್ಷೇತ್ರದವರ ಹಳೆಯ ಅಂದಾಜು. ಹಾಗಾಗಿ ಬಿಚ್ಚಿದ ಪ್ರತಿಯೊಂದು ಭಾಗವನ್ನೂ ತೂಗಿ ಬರೆದಿಟ್ಟೆ.

ಹೀಟರ್, ರೇಡಿಯೊ, ಹಿಂದಿನ ಸೀಟು, ನೆಲಕ್ಕೆ ಅಂಟಿಸಿದ್ದ ಟಾರಿನ ಹಾಳೆಗಳು ಒಂದೇ ವಾರಾಂತ್ಯದಲ್ಲಿ ಹೊರಬಿದ್ದವು. ಕಷ್ಟವಾದದ್ದು ಹಳೆಯ ಎಂಜಿನ್ನಿನ ಬದಲು ಎಂಟು ಸಿಲಿಂಡರಿನ ವಿ-8 ಎಂಜಿನ್ ಕೂರಿಸುವುದು. ಸ್ಟೀರಿಂಗಿನ ಸರಳು ಎಂಜಿನ್ನಿನ ಹಿಂಭಾಗದ ಕೆಳಗೆ ಹಾಯುವುದರಿಂದ ಸಾಮಾನ್ಯ ಆಯಿಲ್ ಸಂಪ್ (ಎಂಜಿನ್ನಿನ ಅಡಿಯ ಎಣ್ಣೆಯ ತಟ್ಟೆ) ಅಲ್ಲಿ ಹಿಡಿಯದು. ಈ ಕಾರಿಗೆಂದೇ ಮಾಡಿದ, ಮುಂಭಾಗದಲ್ಲಿ ತಗ್ಗಿರುವ ಸಂಪನ್ನು ಹುಡುಕಿ ತಂದೆ. ಕಬ್ಬಿಣದ ಹೆಡ್ಡುಗಳ (ಸಿಲಿಂಡರುಗಳ ಮೇಲಿನ ಮುಚ್ಚಳಗಳ) ಬದಲು ಹಾಕಿದ ಅಲ್ಯೂಮಿನಿಯಂ ಹೆಡ್ಡುಗಳು ಎಂಜಿನ್ನಿನ ಭಾರವನ್ನು ಸುಮಾರು 20 ಕಿಲೋದಷ್ಟು ತಗ್ಗಿಸಿದವು. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದ್ದರಿಂದ ತೂಕ ಇಳಿಯದಿದ್ದರೂ ಹಿಂದಿನ ಗಾಲಿಗಳಿಗೆ ಹಿಡಿತ ಹೆಚ್ಚಿತು. ನಿಯಮದಂತೆ ಹೊರಗಿನಿಂದಲೇ ವಿದ್ಯುತ್ ಕಡಿಯುವ ಸ್ವಿಚ್ಚನ್ನೂ ಹಿಂಬದಿಗೆ ಜೋಡಿಸಿದೆ.

ಪಾಂಟಿಯಾಕ್ ಕಂಪನಿಯು 1963ರಲ್ಲಿ ಕೆಲವು ಕ್ಯಾಟಲೈನಾ ಕಾರುಗಳ ಚಾಸಿಗೇ (ಅಡಿಯ ಉಕ್ಕಿನ ಚೌಕಟ್ಟಿಗೇ) ರಂಧ್ರ ಕೊರೆದು ಹಗುರಗೊಳಿಸಿತ್ತು. ಅದರ ಚಿತ್ರ ನೋಡಿ ನನಗೂ ಕೈ ತುರಿಸಿತು. ಆದರೆ ಶೆವಿ ಟೂ ಕಾರಿನಲ್ಲಿ ಉದ್ದಕ್ಕೂ ಹಾಯುವ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಒಡಲೇ ಭಾರ ಹೊರುತ್ತದೆ. ಆದ್ದರಿಂದ ಭಾರ ಹೊರದ ಬ್ರಾಕೆಟ್ಟುಗಳಿಗಷ್ಟೇ ತೂತು ಹೊಡೆದೆ. ಎರಡು ದಿನದ ದುಡಿಮೆಗೆ ದಕ್ಕಿದ್ದು ಒಂದೂವರೆ ಕಿಲೋ!

ಬಾನೆಟ್, ಮಡ್‌ಗಾರ್ಡು, ಬಂಪರುಗಳನ್ನು ಫೈಬರ್‌ಗ್ಲಾಸಿನವಕ್ಕೆ ಬದಲಿಸಿದಾಗ ಸುಮಾರು 50 ಕಿಲೋ ಒಮ್ಮೆಗೇ ಇಳಿಯಿತು. ಆ ಹುಮ್ಮಸ್ಸಿನಲ್ಲಿ ಮಡ್‌ಗಾರ್ಡುಗಳ ಒಳಗಿನ ಉಕ್ಕಿನ ಆಸರೆಗಳನ್ನೂ ಕಿತ್ತೆಸೆದದ್ದು ನನ್ನ ತಪ್ಪು. ಮೊದಲ ಓಟದಲ್ಲಿ ಗಂಟೆಗೆ 160 ಕಿಲೋಮೀಟರ್ ದಾಟುತ್ತಲೇ ಮುಂಭಾಗವೆಲ್ಲ ಹಪ್ಪಳದಂತೆ ಅದುರಿ, ಬಾನೆಟ್ಟಿನ ಒಂದು ಪಿನ್ನು ಕಿತ್ತುಬಂತು. ಮನೆಗೆ ಮರಳಿ, ಎರಡು ಬದಿಗಳನ್ನು ಬೆಸೆಯುವಂತೆ ತೆಳು ಉಕ್ಕಿನ ಕೊಳವೆಯೊಂದನ್ನು ಬೆಸುಗೆ ಹಾಕಿದೆ.

ಇಂಥ ಹಳೆಯ ಕಾರು 11.49 ಸೆಕೆಂಡಿಗೆ ಅಥವಾ ಅದಕ್ಕೂ ಬೇಗ ಗುರಿ ಮುಟ್ಟಿದರೆ ರೋಲ್ ಬಾರ್ (ಕಾರು ಮಗುಚಿದರೆ ಚಾಲಕನನ್ನು ಕಾಯುವ ಉಕ್ಕಿನ ಕಮಾನು) ಕಡ್ಡಾಯ. ನಾನು ಅದನ್ನು ಮೊದಲೇ ಹಾಕಿಸಿದ್ದರಿಂದ 25 ಕಿಲೋ ಮರಳಿ ಸೇರಿತ್ತು. ಮುಂದಿನ ಓಟದಲ್ಲಿ ಕಾರು 11.38 ಸೆಕೆಂಡಿಗೆ ಗುರಿ ಮುಟ್ಟಿತು. ಈಗ ಅದರ ತೂಕ 1,065 ಕಿಲೋ. ಅದರಲ್ಲಿ ಎರಡು ಕಿಲೋ ಆ ಕೊಳವೆಯದು.