ದಶಮಿಯ ಚಂದ್ರನಲ್ಲಿ ಕೋಪರ್ನಿಕಸ್ ಕುಳಿ: ನಾನು ಆಳ ಅಳೆಯುವ ಬಗೆ

ಚಂದ್ರನ ಕುಳಿ ನೋಡಲು ಹುಣ್ಣಿಮೆಯೇ ಸರಿ ಎಂದುಕೊಂಡವರು ಬಹಳ. ಅಂದು ನೆರಳೇ ಇರುವುದಿಲ್ಲ, 93 ಕಿ.ಮೀ. ಅಗಲದ ಕೋಪರ್ನಿಕಸ್ ಕೂಡ ಬರೀ ಬಿಳಿ ಕಲೆ. ನಾನು ಕಾಯುವುದು ಶುಕ್ಲ ಪಕ್ಷದ ದಶಮಿಗೆ. ಅಲ್ಲಿ ಸೂರ್ಯ ಹುಟ್ಟುವುದು ಆಗಲೇ. ಕ್ಯಾಲೆಂಡರಿನಲ್ಲಿರುವುದು ನಮ್ಮ ಸೂರ್ಯೋದಯದ ಹೊತ್ತಿನ ತಿಥಿ. ಸಂಜೆಗೆ ಯಾವುದಿದೆ ಎಂದು ಪಂಚಾಂಗ ನೋಡಿಕೊಳ್ಳಬೇಕು.

ನನ್ನದು 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ, ಕನ್ನಡಿಯ) ಟೆಲಿಸ್ಕೋಪು, ನಾಭಿದೂರ 1200 ಮಿ.ಮೀ. 10 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಗಾಳಿ ನಿಂತಿದ್ದರೆ 6 ಮಿ.ಮೀ., 200 ಪಟ್ಟು. ಕನ್ನಡಿ ತಣಿಯಲೆಂದು ಒಂದು ತಾಸು ಮೊದಲೇ ಹೊರಗಿಡುತ್ತೇನೆ. ತಾರಸಿ ಬೇಡ. ಕಾಂಕ್ರೀಟು ರಾತ್ರಿಯೂ ಬಿಸಿ ಉಗುಳುತ್ತಿರುತ್ತದೆ, ಕುಳಿಯ ಅಂಚು ಹರಿವ ನೀರಿನಡಿ ಇದ್ದಂತೆ ನಡುಗುತ್ತದೆ. ಮಣ್ಣಿನ ಅಂಗಳ ಮೇಲು.

ಮೊದಲು ಬೆಳಗುವುದು ಪಶ್ಚಿಮದ ಗೋಡೆ, ತಳವೆಲ್ಲ ಕಪ್ಪು. ಆಮೇಲೆ ನಡುವಿನ ಶಿಖರಗಳು ಚುಕ್ಕೆಗಳಾಗಿ ಮೂಡುತ್ತವೆ. ಇವು ಜ್ವಾಲಾಮುಖಿಗಳಲ್ಲ, ಅಪ್ಪಳಿಕೆಗೆ ಕುಗ್ಗಿದ ನೆಲ ಪುಟಿದು ಎದ್ದದ್ದು. ಗೋಡೆಯ ಮೆಟ್ಟಿಲುಗಳು ಅಂಚು ತನ್ನದೇ ಭಾರಕ್ಕೆ ಜಾರಿ ಕುಸಿದ ಗುರುತು. ತಳದ ವಾಯವ್ಯ ಭಾಗ ನಯ, ದಕ್ಷಿಣ ಗುಡ್ಡಗುಡ್ಡ.

ಆಳ ಅಳೆಯಲು ಪೂರ್ವದ ಅಂಚಿನ ನೆರಳು ಬೇಕು. ಐಪೀಸಿಗೆ ಫೋನು ಹಿಡಿದು ಫೋಟೊ ತೆಗೆದು, ನೆರಳಿನ ಉದ್ದವನ್ನು ಅದೇ ಫೋಟೊದಲ್ಲಿ ಕುಳಿಯ ಪೂರ್ವ–ಪಶ್ಚಿಮ ಅಗಲಕ್ಕೆ ಹೋಲಿಸುತ್ತೇನೆ. ಚಂದ್ರನ ಉಬ್ಬಿನಿಂದ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಿ ಕಾಣುವುದರಿಂದ ಅನುಪಾತ ಕೆಡುವುದಿಲ್ಲ. ಫೋಟೊ ತೆಗೆದ ನಿಮಿಷ ಬರೆದಿಟ್ಟುಕೊಂಡು, ಆ ಹೊತ್ತಿಗೆ ಕುಳಿಯಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿದ್ದ ಎಂದು ಚಂದ್ರನ ನಕಾಶೆಯ ಸಾಫ್ಟ್‌ವೇರಿನಲ್ಲಿ ನೋಡಬೇಕು. ನೆರಳು 36 ಕಿ.ಮೀ., ಸೂರ್ಯ 6 ಡಿಗ್ರಿ ಎನ್ನಿ: 6 ಡಿಗ್ರಿಯ ಟ್ಯಾಂಜೆಂಟ್ 0.105, ಗುಣಿಸಿದರೆ 3.8 ಕಿ.ಮೀ. ಅದೇ ಕೋಪರ್ನಿಕಸ್‌ನ ಆಳ. ಅಗಲದ ಮುಂದೆ ಇದು ಏನೂ ಅಲ್ಲ, ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಓರೆ ಬಿಸಿಲಿಗೆ ಪಾತಾಳದಂತೆ ತೋರುತ್ತದಷ್ಟೆ. ನಡುಶಿಖರವಿಲ್ಲದ ಸಣ್ಣ ಬಟ್ಟಲು ಕುಳಿಗಳಲ್ಲಿ ಆಳ ಅಗಲದ ಐದನೇ ಒಂದರಷ್ಟು ಬರುತ್ತದೆ.

ಲೆಕ್ಕ ತಪ್ಪುವುದು ನೆರಳಿನ ತುದಿ ಬಿದ್ದ ಜಾಗದಿಂದ. ಸೂರ್ಯ 10 ಡಿಗ್ರಿಗೆ ಏರಿದರೆ ತುದಿ ಮೆಟ್ಟಿಲ ಮೇಲೆ ಸರಿದಿರುತ್ತದೆ, ಆಳ ಕಡಿಮೆ ಬರುತ್ತದೆ. ತೀರಾ ಬೇಗ ತೆಗೆದರೆ ತುದಿ ಶಿಖರಗಳಾಚೆ ಇರುತ್ತದೆ. ಅಲ್ಲಿ ಸೂರ್ಯ ಗಂಟೆಗೆ ಅರ್ಧ ಡಿಗ್ರಿಯಷ್ಟೇ ಏರುವುದರಿಂದ 5ರಿಂದ 8 ಡಿಗ್ರಿಯ ನಡುವೆ ಆರು ಗಂಟೆ ಸಿಗುತ್ತದೆ. ಮೋಡವಿದ್ದರೂ ಕಾಯಬಹುದು.

ಅದೇ ರಾತ್ರಿ ಪೂರ್ವಕ್ಕೆ ಸ್ಟೇಡಿಯಸ್ ಎಂಬ ಕುಳಿಯ ಕಡೆ ಸರಿದರೆ ಸಾಲುಗಟ್ಟಿದ ಸಣ್ಣ ಕುಳಿಗಳು ಕಾಣುತ್ತವೆ: ಕೋಪರ್ನಿಕಸ್‌ನಿಂದ ಸಿಡಿದ ಬಂಡೆಗಳು ಬಿದ್ದದ್ದು. ಕುಳಿಯಿಂದ ಸುತ್ತ ಹರಡಿದ ಬಿಳಿ ಪಟ್ಟೆಗಳನ್ನು, ಅಂದರೆ ‘ಕಿರಣ’ಗಳನ್ನು, ನೋಡಲು ಮಾತ್ರ ಹುಣ್ಣಿಮೆ ಬೇಕು. 1969ರಲ್ಲಿ ಅಪೊಲೊ 12 ಇಳಿದದ್ದು ಅಂಥ ಒಂದು ಕಿರಣದ ಮೇಲೆ. ಕುಳಿಗೆ ಸುಮಾರು 80 ಕೋಟಿ ವರ್ಷ ಎಂಬ ಅಂದಾಜು ಅಲ್ಲಿಂದ ತಂದ ಮಣ್ಣಿನದು.