ಚಾರ್ಟ್‌ನಲ್ಲಿ ‘ವಾಂತಿ ಇಲ್ಲ’, ಆಟೋದಲ್ಲಿ ಎರಡು ಸಲ

ನಾನು ಅರಿವಳಿಕೆ ಡಾಕ್ಟರ್. ಬೆಳಿಗ್ಗೆ ಬಂದು ಆಪರೇಷನ್ ಮಾಡಿಸಿಕೊಂಡು ಸಂಜೆಗೇ ಮನೆಗೆ ಹೋಗುವವರೇ ನನ್ನ ಪೇಷೆಂಟ್‌ಗಳು. ಅವರ ಚಾರ್ಟ್‌ಗಳಲ್ಲಿ ಹೆಚ್ಚಾಗಿ ‘ವಾಂತಿ ಇಲ್ಲ’ ಅಂತಲೇ ಇರುತ್ತಿತ್ತು. ನನಗೂ ಖುಷಿ. ಒಂದು ದಿನ ಡ್ರೆಸ್ಸಿಂಗ್‌ಗೆ ಬಂದ ಹೆಂಗಸೊಬ್ಬರು, “ಆಟೋದಲ್ಲೇ ಎರಡು ಸಲ ಆಯ್ತು ಡಾಕ್ಟ್ರಮ್ಮ, ರಾತ್ರಿ ನೀರೂ ನಿಲ್ಲಲಿಲ್ಲ” ಅಂದರು. ಚಾರ್ಟ್ ತೆಗೆಸಿ ನೋಡಿದೆ. ವಾಂತಿ ಇಲ್ಲ!

ಯೋಚಿಸಿದರೆ ಸರಿಯೇ. ವಾಂತಿ ತಡೆಯಲು ನಾವು ಕೊಡುವ 4 ಮಿಲಿಗ್ರಾಂ ಆಂಡಾನ್ಸೆಟ್ರಾನ್ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಅಷ್ಟೊತ್ತಿಗೆ ಅವರು ರಸ್ತೆಯಲ್ಲಿರುತ್ತಾರೆ.

ಆಮೇಲೆ ಕೇಳುವ ರೀತಿಯನ್ನೇ ಬದಲಾಯಿಸಿದೆ. “ವಾಕರಿಕೆ ಇದೆಯಾ?” ಅಂದರೆ ಎಷ್ಟೋ ಜನ ಸುಮ್ನೆ ಮುಖ ನೋಡುತ್ತಾರೆ. “ಹೊಟ್ಟೆ ತೊಳಸ್ತಾ ಇದೆಯಾ?” ಅಂದರೆ ತಲೆ ಆಡಿಸುತ್ತಾರೆ. ಸೊನ್ನೆಯಿಂದ 10ರೊಳಗೆ ಎಷ್ಟು ಅಂತ ಕೇಳಿದಾಗ ಒಬ್ಬ ಅಜ್ಜಿ, “ರೂಪಾಯಿಗೆ ಎಂಟಾಣೆ ಇದೆ ಕಣಮ್ಮ” ಅಂದರು. ಇದಕ್ಕಿಂತ ಒಳ್ಳೆ ಅಳತೆ ಬೇಕಾ? 5 ಅಂತ ಬರೆದುಕೊಂಡೆ. ಮಲಗಿದ್ದಾಗ ಎಲ್ಲರೂ ಚೆನ್ನಾಗೇ ಇರುತ್ತಾರೆ. ಎದ್ದು ಕೂತು, ಬಾತ್‌ರೂಮಿಗೆ ಹೋಗಿ ಬಂದ ಮೇಲೆ ಕೇಳಬೇಕು.

ಎಣಿಸುವುದಕ್ಕೆ 2012ರಲ್ಲಿ ಬಂದ ಒಂದು ಸರಳ ಅಳತೆಗೋಲು ಬಳಸುತ್ತೇನೆ. ವಾಂತಿ ಎಷ್ಟು ಸಲ, ತೊಳಸುವುದರಿಂದ ಏಳಲು, ಓಡಾಡಲು, ತಿನ್ನಲು ಎಷ್ಟರ ಮಟ್ಟಿಗೆ ಅಡ್ಡಿ, ಎರಡಕ್ಕೂ 3ರವರೆಗೆ ಅಂಕ. ಒಟ್ಟು 5 ಮುಟ್ಟಿದರೆ ನಿಜವಾಗಿ ತೊಂದರೆ ಅಂತ ಲೆಕ್ಕ. ಏನೂ ಹೊರಗೆ ಬರದ ಒಣ ಓಕರಿಕೆಯೂ ವಾಂತಿಯೇ. ಐದು ನಿಮಿಷದೊಳಗೆ ನಾಲ್ಕು ಸಲ ಬಂದರೂ ಅದು ಒಂದೇ ಸರದಿ. ಇದನ್ನು ನರ್ಸ್‌ಗಳೆಲ್ಲ ಒಂದೇ ಥರ ಬರೆಯುವ ಹಾಗೆ ಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮಾರನೇ ದಿನ ಫೋನ್. ಎತ್ತುವವರು ಗಂಡ ಇಲ್ಲವೇ ಅತ್ತೆ. “ಏನೂ ಇಲ್ಲ, ಮಲಗಿದ್ದಾಳೆ.” ನಾನು ಬಿಡುವುದಿಲ್ಲ, “ಅವರ ಕೈಗೇ ಕೊಡಿ” ಅನ್ನುತ್ತೇನೆ. ಆ ಕಡೆಯಿಂದ ಬೇರೆಯದೇ ಕಥೆ ಬರುತ್ತದೆ.

ಆಪರೇಷನ್‌ಗೆ ಮುಂಚೆಯೇ ಒಂದು ಪ್ರಶ್ನೆ ಸೇರಿಸಿದ್ದೇನೆ: “ಘಾಟಿ ಬಸ್ಸಲ್ಲಿ ವಾಂತಿ ಆಗುತ್ತಾ?” ಹೌದು ಅಂದವರು ಹೆಂಗಸಾಗಿದ್ದು, ಸಿಗರೇಟೂ ಸೇದದವರಾದರೆ ಅಪಾಯ ಜಾಸ್ತಿ. (ಸಿಗರೇಟಿಗೆ ಸಿಗುವ ಒಂದೇ ಮರ್ಯಾದೆ ಇದು.) ಅವರಿಗೆ ವಾಂತಿ ತಡೆಯುವ ಇನ್ನೊಂದು ಔಷಧಿ ಡೆಕ್ಸಾಮೆಥಾಸೋನ್ ಕೂಡ ಕೊಡುತ್ತೇನೆ, ವಾಂತಿ ತರಿಸಬಲ್ಲ ನೋವಿನ ಔಷಧಿ ಟ್ರಮಡಾಲ್ ಆದಷ್ಟು ತಪ್ಪಿಸುತ್ತೇನೆ.

ನಮ್ಮ ಸರ್ಜನ್ ರೇಗಿಸಿದರು: “ನೀವು ಕೇಳೋಕೆ ಶುರು ಮಾಡಿದ ಮೇಲೇ ವಾಂತಿ ಜಾಸ್ತಿ ಆಗಿದ್ದು ಮೇಡಂ.” ರಿಜಿಸ್ಟರ್ ಪ್ರಕಾರ ಅವರು ಹೇಳಿದ್ದು ನಿಜವೇ.