ಎಕ್ಸ್‌ರೇ ತಗಸೂದು ಹೆಂಗ, ಫಿಲ್ಮ್ ನೋಡೂದು ಹೆಂಗ

ಎಕ್ಸ್‌ರೇ ಅಂದ್ರ ಫೋಟೋ ಅಲ್ರಿ, ನೆರಳು. ಇದೊಂದು ತಲ್ಯಾಗ ಕುಂತ್ರ ಟೆಕ್ನಿಷಿಯನ್ ಯಾಕ ಹಂಗ ನಿಲ್ರಿ ಹಿಂಗ ತಿರುಗ್ರಿ ಅಂತಾರ, ಡಾಕ್ಟರ್ ಯಾಕ ಎರಡೆರಡು ಫಿಲ್ಮ್ ಬರಕೊಡ್ತಾರ ಅನ್ನೂದೆಲ್ಲಾ ತಾನಾಗೇ ತಿಳಿತೈತಿ. ಚಿಮಣಿ ಮುಂದ ಕೈ ಹಿಡದ್ರ ಗ್ವಾಡಿ ಮ್ಯಾಲ ನೆರಳು ಬೀಳತೈತಲ್ಲ, ಹಂಗ ಇಲ್ಲಿ ಟ್ಯೂಬಿನಿಂದ ಹೊಂಟ ಕಿರಣ ಮೈಯೊಳಗಿಂದ ಹಾದು ಆ ಕಡೆ ಪ್ಲೇಟಿಗೆ ಬೀಳತಾವು, ಎಲುಬಿನ್ಯಾಗ ಕ್ಯಾಲ್ಸಿಯಂ ಐತಿ ಅದು ಕಿರಣ ತಡಿತೈತಿ, ಅದಕ್ಕ ಅಲ್ಲಿ ಬೆಳ್ಳಗ, ಪುಪ್ಪುಸದಾಗ ಬರೇ ಗಾಳಿ, ಅಲ್ಲಿ ಕರ್ರಗ, ಮಾಂಸ ನೀರು ಎಲ್ಲಾ ನಡುವಿನ ಬೂದಿ ಬಣ್ಣ. 1895ರ ನವೆಂಬರ್‌ನ್ಯಾಗ ಜರ್ಮನಿಯ ರಾಂಟ್ಜನ್ ಈ ಕಿರಣ ಕಂಡುಹಿಡದು, ಡಿಸೆಂಬರ್‌ನ್ಯಾಗ ಹೆಂಡತಿ ಕೈಯಿನ ಪ್ಲೇಟ್ ತಗದ್ರು, ಅದರಾಗ ಬೆರಳಿನ ಎಲುಬಿನ ಜೋಡಿ ಉಂಗುರನೂ ಎದ್ದು ಕಾಣತೈತಿ.

ಮೊದಲ ಕೆಲಸ ಅದ, ಮೈಮ್ಯಾಲಿನ ಲೋಹ ತಗಿಯೂದು

ನಮ್ಮ ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆ ಇದು ಸಣ್ಣ ಮಾತಲ್ಲ. ನಡಾ ನೋವಂತ ಬಂದ ಹಿರ್ಯಾರ ನಡದಾಗ ಬೆಳ್ಳಿ ಉಡದಾರ ಇರತೈತಿ, ಅದು ಸೀದಾ ಬೆನ್ನೆಲುಬಿನ ಮ್ಯಾಲ ಅಡ್ಡ ಬೀಳತೈತಿ, ನೋಡಬೇಕಾದ ಜಾಗಾನ ಮುಚ್ಚತೈತಿ. ಎದಿ ಎಕ್ಸ್‌ರೇಕ್ಕ ತಾಯತ, ಕಿಸೆದಾಗಿನ ನಾಣ್ಯ, ಸೀರಿಗೆ ಹಾಕಿದ ಪಿನ್ನು, ಎಲ್ಲಾ ತಗೀಬೇಕು. ತಾಳಿ ತಗಿಲಿಕ್ಕೆ ಮನಸ್ಸಿಲ್ಲಂದ್ರ ನಾಚಿಕೋಬ್ಯಾಡ್ರಿ, ಮೊದಲ ಹೇಳ್ರಿ, ಗದ್ದದ ಮ್ಯಾಲಕ್ಕ ಎತ್ತಿ ಹಿಡಕೊಂಡ್ರೂ ನಡಿತೈತಿ. ಕೊರಳಾಗ ಲಿಂಗದ ಬೆಳ್ಳಿ ಕರಡಿಗಿ ಇದ್ರ ಅದನ್ನ ಮುಷ್ಟಿಯೊಳಗ ಹಿಡಕೊಂಡು ಕೈ ನಡದ ಮ್ಯಾಲ ಇಟ್ಟು ನಿಂತ್ರ ಎದಿಯಿಂದ ದೂರ ಉಳಿತೈತಿ. ಹೆಣಮಕ್ಕಳು ಜಡಿ ಮ್ಯಾಲ ಕಟ್ಟಬೇಕು, ಇದನ್ನ ಬಾಳ ಮಂದಿ ಬಿಡ್ತಾರ. ಕೂದಲದ ದಪ್ಪ ಜಡಿ ಹೆಗಲ ಮ್ಯಾಲಿದ್ರ ಪುಪ್ಪುಸದ ಮೇಲಿನ ತುದಿಗೆ ಬೆಳ್ಳಗ ನೆರಳು ಬರತೈತಿ, ಟಿಬಿ ಕಲಿನೂ ಬಾಳ ಸಲ ಅದ ಜಾಗಾದಾಗ ಕಾಣೂದು, ಸುಮ್ನ ಅನುಮಾನಕ್ಕ ಜಾಗಾ ಆಗತೈತಿ.

ಬಂಗಾರದ ಮಾತ ಬಂತು ಅಂತ ಹೇಳ್ತೀನಿ, ಸರಾಫರ ಕಡೆ ಟಂಚ್, ಅಂದ್ರ ಬಂಗಾರ ಎಷ್ಟು ಶುದ್ಧ ಅಂತ ನೋಡೂ ಮಷಿನ್ ಇರತೈತಲ್ಲ, ಅದೂ ಎಕ್ಸ್‌ರೇ ಮಷಿನ್ನ. ಆದ್ರ ಅಲ್ಲಿ ನೆರಳ ನೋಡಂಗಿಲ್ಲ, ಕಿರಣ ಬಡದಾಗ ಬಂಗಾರದ ಅಣು ಒಂದು ನಮೂನಿ ಎಕ್ಸ್‌ರೇ ವಾಪಸ್ ಬಿಡತೈತಿ, ತಾಮ್ರ ಇನ್ನೊಂದು ನಮೂನಿ, ಯಾವುದು ಎಷ್ಟು ಬಂತು ಅನ್ನೂದರ ಮ್ಯಾಲ 916 ಐತೋ ಇಲ್ಲೋ ಲೆಕ್ಕಾ ಹಾಕತಾರ. ಒಡವಿ ಮುರಿಯೂದು ಬ್ಯಾಡ, ಅದು ಚಲೋ, ಆದ್ರ ಮಷಿನ್ನಿಗೆ ಕಾಣೂದು ಮ್ಯಾಲಿನ ತೆಳು ಪದರ ಅಷ್ಟ, ದಪ್ಪ ಪಾಲಿಶ್ ಇದ್ರ ಒಳಗಿಂದು ತಿಳಿಯಂಗಿಲ್ಲ. ಪೂರಾ ಖಾತ್ರಿ ಬೇಕಂದ್ರ ಚೂರು ತಗದು ಬೆಂಕಿಗೆ ಹಾಕೇ ನೋಡಬೇಕು.

ನಿಲ್ಲೂದು, ಉಸಿರು ಹಿಡಿಯೂದು

ಎದಿ ಎಕ್ಸ್‌ರೇಕ್ಕ ಎದಿನ ಪ್ಲೇಟಿಗೆ ಒತ್ತಿ, ಬೆನ್ನು ಟ್ಯೂಬಿನ ಕಡೆ ಮಾಡಿ ನಿಲ್ಲಸ್ತಾರ, ಟ್ಯೂಬು ಸುಮಾರು 6 ಫೂಟ್ ದೂರ. ಹೃದಯ ಇರೂದು ಮುಂದಿನ ಕಡೆ, ಪ್ಲೇಟಿಗೆ ಹತ್ತಿರ ಇದ್ರ ನೆರಳು ಖರೇ ಅಳತಿಗೆ ಹತ್ತಿರ ಬರತೈತಿ. ಹಾಸಿಗಿ ಮ್ಯಾಲ ಮಲಗಿದವರಿಗೆ ಮುಂದಿಂದ ತಗದ್ರ ಅದ ಹೃದಯ ದೊಡ್ಡದಾಗಿ ಕಾಣತೈತಿ, ಆ ಫಿಲ್ಮ್ ನೋಡಿ ಹಾರ್ಟ್ ದೊಡ್ಡದಾಗೇತಿ ಅಂತ ಮನ್ಯಾಗ ಅಳಕೋತ ಕುಂಡ್ರಬ್ಯಾಡ್ರಿ. ಉಸಿರು ಪೂರಾ ಎಳಕೊಂಡು ಹಿಡೀಬೇಕು, ಅರ್ಧಾ ಎಳದ್ರ ಪುಪ್ಪುಸದ ಕೆಳಗಿನ ಭಾಗ ಒತ್ತಕೊಂಡು ನ್ಯುಮೋನಿಯಾ ಇದ್ದಂಗ ಬೆಳ್ಳಗ ಕಾಣತೈತಿ.

ರೇಡಿಯೇಶನ್ ಅಂತ ಹೆದರವರು ಬಾಳ. ಒಂದು ಎದಿ ಎಕ್ಸ್‌ರೇಕ್ಕ ಸುಮಾರು 0.02 ಮಿಲಿಸೀವರ್ಟ್ (ಮೈಗೆ ಬೀಳೂ ರೇಡಿಯೇಶನ್ ಅಳಿಯೂ ಮಾಪು), ಮಣ್ಣು, ಗಾಳಿ, ಆಕಾಶದಿಂದ ಜಗತ್ತಿನ ಮಂದಿಗೆ ವರ್ಷಕ್ಕ ಸರಾಸರಿ 2.4 ಬರತೈತಿ, ಅಂದ್ರ ಮೂರ್ನಾಕ ದಿನದ್ದು ಅಷ್ಟ. ಎದಿ ಸಿಟಿ ಸ್ಕ್ಯಾನ್ ಇದಕ್ಕಿಂತ ನೂರಾರು ಪಟ್ಟು, ಅದನ್ನ ಮಾತ್ರ ಬೇಕಾದಾಗ ಅಷ್ಟ ಮಾಡಸ್ಬೇಕು, ನಾವ ಹಟಾ ಮಾಡಿ ಬರಸ್ಕೊಳ್ಳೂದಲ್ಲ. ಹೊಟ್ಟೀಲೆ ಇದ್ದವರು, ಇರಬಹುದು ಅಂತ ಅನುಮಾನ ಇದ್ದವರು ರೂಮಿನೊಳಗ ಹೋಗೂಕಿಂತ ಮೊದಲ ಬಾಯಿಬಿಟ್ಟು ಹೇಳ್ರಿ. ಕೂಸಿನ್ನ ಹಿಡಿಯೂ ಪ್ರಸಂಗ ಬಂದ್ರ ಸೀಸದ ಏಪ್ರನ್ ಕೇಳಿ ಹಾಕೋರಿ, ಕೇಳೂದು ನಿಮ್ಮ ಹಕ್ಕು.

ಒಂದ ನೆರಳು ಸಾಲಂಗಿಲ್ಲ

ಕಬ್ಬಿನ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದು ಕೈ ಬಾತೈತಿ ಅಂದ್ರ ಮುಂದಿಂದ ಒಂದು, ಬಾಜೂಲಿಂದ ಒಂದು ಬೇಕೇ ಬೇಕು, ಮುಂದಿಂದ ಸೀದಾ ಕಾಣೂ ಎಲುಬು ಬಾಜೂಲಿಂದ ನೋಡಿದ್ರ ಜರದಿರತೈತಿ. ಎರಡು ಫಿಲ್ಮಿಗೆ ರೊಕ್ಕ ಯಾಕ ಅಂತ ಜಗಳಾ ತಗೀಬ್ಯಾಡ್ರಿ. ನಮ್ಮ ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಕೆಲಸದವರಿಗೆ ಇದು ಹೇಳೂದ ಬ್ಯಾಡ, ಎರಕದೊಳಗಿನ ಗಾಳಿ ಗುಳ್ಳಿ ರೇಡಿಯೋಗ್ರಫಿಯೊಳಗ ಕಂಡ್ರೂ ಎಷ್ಟು ಆಳದಾಗೈತಿ ಅಂತ ಒಂದ ಕಡಿಂದ ತಗದ ಫಿಲ್ಮ್ ಹೇಳಂಗಿಲ್ಲ. ಮಣಿಕಟ್ಟಿನ್ಯಾಗ ಹೆಬ್ಬೆರಳ ಕಡೆ ಸ್ಕ್ಯಾಫಾಯ್ಡ್ ಅಂತ ಸಣ್ಣ ಎಲುಬು, ಅದು ಬಿರುಕು ಬಿಟ್ರೂ ಮೊದಲ ದಿನದ ಫಿಲ್ಮಿನ್ಯಾಗ ಕೆಲವು ಸಲ ಕಾಣಂಗಿಲ್ಲ, ಎಕ್ಸ್‌ರೇ ನಾರ್ಮಲ್ ಬಂದ್ರೂ ಅಲ್ಲಿ ಒತ್ತಿದ್ರ ನೋವಿದ್ರ ಡಾಕ್ಟರ್ ಪಟ್ಟಿ ಹಾಕಿ 10-14 ದಿನ ಬಿಟ್ಟು ಮತ್ತ ತಗಸ್ತಾರ, ತಪ್ಪಸಬ್ಯಾಡ್ರಿ.

ಮನ್ಯಾಗ ಫಿಲ್ಮ್ ನೋಡೂದು

ಕಿಡಕಿ ಬೆಳಕಿಗೆ ಹಿಡೀರಿ. ಮೊದಲ ಹೆಸರು, ತಾರೀಖು, ಆಮ್ಯಾಲ ಮೂಲ್ಯಾಗಿನ ‘ಆರ್’ ಇಲ್ಲಾ ‘ಎಲ್’ ಅಕ್ಷರ, ಅಂದ್ರ ಬಲ, ಎಡ. ಪೇಷಂಟ್ ನಮ್ಮ ಎದುರಿಗೆ ನಿಂತಂಗ ಹಿಡದ್ರ ಹೃದಯ ನಮ್ಮ ಬಲಗಡೆ ಬರಬೇಕು. ಹೃದಯದ ಅಗಲ ಎದಿಗೂಡಿನ ಅಗಲದ ಅರ್ಧಕ್ಕಿಂತ ಕಮ್ಮಿ ಇರೂದು ವಾಡಿಕಿ. ಪೇಷಂಟಿನ ಬಲಗಡೆ ವಪೆ (ಎದಿ, ಹೊಟ್ಟಿ ನಡುವಿನ ಮಾಂಸದ ಪರದಿ) ಸ್ವಲ್ಪ ಮ್ಯಾಲಿರತೈತಿ, ಕೆಳಗ ಲಿವರ್ ಐತಲ್ಲ ಅದಕ್ಕ, ಹೆದರೂದಲ್ಲ. ಎಡಗಡೆ ವಪೆ ಕೆಳಗ ಕರೀ ಗುಳ್ಳಿ ಕಂಡ್ರ ಅದು ಜಠರದಾಗಿನ ಗಾಳಿ. ಅದ ಕರೀ ಗೆರಿ ಬಲಗಡೆ ವಪೆ ಕೆಳಗ ಕಂಡು, ಹೊಟ್ಟಿ ವಿಪರೀತ ನೋವಿದ್ರ, ಕರುಳಿಗೆ ತೂತ ಬಿದ್ದಿರಬಹುದು, ರಾತ್ರಿ ಹನ್ನೆರಡಾಗಿದ್ರೂ ಹೊಂಡಬೇಕು. ಪುಪ್ಪುಸದಾಗ ಬಿಳಿ ಕಲಿ ಕಂಡ ಮಾತ್ರಕ್ಕ ಟಿಬಿ ಅಂತ ಠರಾವು ಮಾಡಬ್ಯಾಡ್ರಿ, ನ್ಯುಮೋನಿಯಾ, ಹಳೇ ಗಾಯ, ಗಡ್ಡಿ ಏನರ ಇರಬಹುದು, ಕಫದ ಟೆಸ್ಟ್ ಆಗಬೇಕು, ಸರಕಾರಿ ದವಾಖಾನ್ಯಾಗ ಅದು ಪುಕಟ ಐತಿ.

ಇಟ್ಕೊಳ್ಳೂದು

ಈಗಿನ ಫಿಲ್ಮ್ ಬಾಳಷ್ಟು ಶಾಖದಿಂದ ಛಾಪಾಗೂ ಜಾತಿದು, ವಿಜಯಪುರದ ಏಪ್ರಿಲ್ ಬಿಸಲಾಗ ಗಾಡಿ ಡ್ಯಾಶ್‌ಬೋರ್ಡ್ ಮ್ಯಾಲ ಒಗದ್ರ ಕರ್ರಗಾಗತೈತಿ. ಮಡಚಬ್ಯಾಡ್ರಿ, ಟ್ರಂಕಿನೊಳಗ ಸಪಾಟ ಇಡ್ರಿ. ವಾಟ್ಸಾಪಿನ್ಯಾಗ ಕಳಸೂ ಫೋಟೋದಾಗ ಸಣ್ಣ ಬಿರುಕು ಅಳಸಿ ಹೋಗತಾವು, ಅದಕ್ಕ ಸೆಂಟರಿನವರನ್ನ ಕೇಳಿ ಮೂಲ ಫೈಲ್ ಸಿಡಿಗೋ ಪೆನ್‌ಡ್ರೈವಿಗೋ ಹಾಕಸ್ಕೋರಿ. ಮುಂದಿನ ಸಲ ಹೋಗುವಾಗ ಹಳೇ ಫಿಲ್ಮೂ ಒಯ್ರಿ, ಯಾಕಂದ್ರ ಎರಡು ವರ್ಷದ ಹಿಂದಿನದ್ರಾಗೂ ಅದ ಕಲಿ ಅಷ್ಟ ಅಳತಿ ಇದ್ರ ಡಾಕ್ಟರಿಗೆ ಅರ್ಧ ಚಿಂತಿ ಕಮ್ಮಿ, ಹೊಸದಾಗಿ ಬಂದಿದ್ದಾದ್ರ ಸಿಟಿ ಯಾವಾಗ ಮಾಡಸ್ಬೇಕಂತ ಅವತ್ತ ಹೇಳ್ತಾರ.